ಹುಳ ಹಣ್ಣಾಗುವವರೆಗೆ

ಮಂಜುಳ ಮಾತ್ರೆ ಮರೆತವಳಲ್ಲ. ನಿಲ್ಲಿಸು ಎಂದವಳು ನಾನು. ಇಷ್ಟು ವರ್ಷ ಈ ಎರಡು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಮಂಜುಳ ನನ್ನ ವಾರಗಿತ್ತಿ, ಮೈದುನ ಮುನಿರಾಜುವಿನ ಹೆಂಡತಿ. ಆಗ ತೂಬಗೆರೆ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಈಗ ಆ ಹುಳುಮನೆಯಲ್ಲಿ ಬೂಸಾ ಚೀಲ, ಮುರಿದ ಕುರ್ಚಿ—ಆದರೂ ಬಾಗಿಲು ತೆಗೆದರೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದಂತಾಗುತ್ತದೆ. ಸೆರಗು ಸಿಕ್ಕಿಸಿಕೊಂಡು ತಟ್ಟೆಗಳ ನಡುವೆ ಓಡಾಡುತ್ತ ಅವಳು, "ಈ ಹುಳ ಥೇಟ್ ನಮ್ ಭಾವನಂಗೆ ಕಣಕ್ಕ, ತಿನ್ನೋವಾಗ ತಲೇನೇ ಎತ್ತಲ್ಲ" ಎಂದು ನನ್ನ ಗಂಡನನ್ನು ಆಡಿಕೊಂಡು ನಗಿಸುತ್ತಿದ್ದಳು. ಯಾವ ತಟ್ಟೆಗೆ ಯಾವಾಗ ಸೊಪ್ಪು ಬಿತ್ತು, ಯಾರ ಮನೆ ಹಸು ಯಾವತ್ತು ಕರು ಹಾಕಿತು—ಎಲ್ಲ ಅವಳನ್ನೇ ಕೇಳಬೇಕಿತ್ತು.

ಒಂದು ವರ್ಷ ಆ ನಗು ತಾನಾಗಿ ನಿಂತುಹೋಯಿತು. ತಲೆ ಬಾಚಿಕೊಳ್ಳುವುದೂ ಅವಳಿಗೆ ಭಾರವಾಯಿತು. ದೊಡ್ಡಬಳ್ಳಾಪುರದ ಡಾಕ್ಟರು ಖಿನ್ನತೆ ಎಂದರು. ಬಿಪಿ, ಸಕ್ಕರೆಯ ಹಾಗೆ ಇದೂ ಒಂದು ಕಾಯಿಲೆ, ನಮ್ಮನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ ಎಂದರು. ಜೊತೆಗೆ ಹೋಗಿದ್ದವಳು ನಾನೇ. ಕಿವಿಯಾರೆ ಕೇಳಿದ್ದೆ. ಮಾತ್ರೆ ತೆಗೆದುಕೊಳ್ಳುತ್ತ ನಿಧಾನವಾಗಿ ಸುಧಾರಿಸಿದಳು. ಒಗ್ಗರಣೆ ಹಾಕುವಾಗ ಮತ್ತೆ ಏನೋ ಗುನುಗತೊಡಗಿದಳು. ಬೆಳಗ್ಗೆ ಏಳುವುದು ಮಾತ್ರ ತಡ, ಮಾತ್ರೆಯ ಮಂಪರಿಗೆ ಕಣ್ಣು ಎಳೆಯುತ್ತಿತ್ತು.

ಅಷ್ಟರಲ್ಲಿ ಹುಳ ನಾಲ್ಕನೇ ಜ್ವರದಿಂದ ಎದ್ದವು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಮೇಲೆ ಅವಕ್ಕೆ ತಡೆಯಲಾರದ ಹಸಿವು. ಹಣ್ಣಾಗಿ ಗೂಡು ಕಟ್ಟುವವರೆಗೆ ನಸುಕಿನಿಂದಲೇ ಸೊಪ್ಪು ಬೀಳುತ್ತಿರಬೇಕು. ಒಬ್ಬಳೇ ಹೊರೆ ಹೊತ್ತು ಸೊಂಟ ಬಿದ್ದಿದ್ದ ನನಗೆ ಅವಳ ನಿದ್ದೆ ಕಂಡು ಉರಿಯಿತು. ಹೇಳಿದೆ—

"ಹುಳ ಹಣ್ಣಾಗೋವರ್ಗೂ ಆ ಮಾತ್ರೆ ನಿಲ್ಸೇ. ಚೆನ್ನಾಗೇ ಇದ್ದೀಯಲ್ಲ, ಆಮೇಲ್ ತಗೊಂಡ್ರಾಯ್ತು."

"ಡಾಕ್ಟ್ರು ಬೈಯಲ್ವೇನಕ್ಕ?"

"ಡಾಕ್ಟ್ರು ಬಂದು ಸೊಪ್ಪು ಹಾಕ್ತಾರಾ?"

ನಕ್ಕಳು. ನನ್ನ ಮಾತನ್ನು ಎಂದೂ ಮೀರಿದವಳಲ್ಲ. ಮೊದಲ ಕೆಲವು ದಿನ ಚುರುಕಾಗಿಯೇ ಇದ್ದಳು. ನೋಡಿದೆಯಾ ಎಂದು ನಾನು ಬೀಗಿದೆ ಕೂಡ. ಗೂಡು ಮಾರುಕಟ್ಟೆಗೆ ಹೋಯಿತು. ಮತ್ತೆ ಮಾತ್ರೆ ಶುರುಮಾಡು ಎಂದು ಹೇಳಬೇಕಿತ್ತು—ಹೇಳಲಿಲ್ಲ. ಚೆನ್ನಾಗಿದ್ದಾಳಲ್ಲ ಎಂದು... ಇಲ್ಲ, ನನಗೆ ಅವಳ ಎರಡು ಕೈ ಬೇಕಿತ್ತು. ಮುಂದಿನ ಬೆಳೆಯ ಹೊತ್ತಿಗೆ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆದರೆ ಓಗೊಡಲಿಲ್ಲ. ಅನ್ನ ಮುಟ್ಟಲಿಲ್ಲ.

"ಮಾತ್ರೆ ಯಾಕಮ್ಮ ನಿಲ್ಸಿದ್ರಿ?" ಎಂದು ಡಾಕ್ಟರು ಕೇಳಿದಾಗ ಮುನಿರಾಜುವೂ ಪಕ್ಕದಲ್ಲಿದ್ದ. ಅವಳು ನನ್ನ ಕಡೆ ಒಮ್ಮೆ ನೋಡಿದಳು.

"ಮರ್ತೋಯ್ತು ಸಾರ್."

ಇಡೀ ಊರಿನ ಹಸುಕರುಗಳ ಲೆಕ್ಕ ಬಲ್ಲವಳು! ನಾನು ಬಾಯಿ ಬಿಡಬಹುದಿತ್ತು. ಚೀಲದ ಹಿಡಿ ತಿರುಚುತ್ತ ಕೂತೆ.

ಚೇತರಿಸಿಕೊಳ್ಳಲು ಅವಳಿಗೆ ಬಹುಕಾಲ ಹಿಡಿಯಿತು. ಅಂದಿನಿಂದ ಮನೆಯಲ್ಲಿ ಅವಳಿಗೆ ಮರೆಗುಳಿ ಎಂಬ ಹೆಸರು. ಮಾತ್ರೆ ಡಬ್ಬಿ ಮುನಿರಾಜುವಿನ ಕೈ ಸೇರಿತು. ಯಾರು ಒಲೆಯ ಮೇಲಿಟ್ಟ ಹಾಲು ಉಕ್ಕಿದರೂ ತಪ್ಪು ಅವಳದೇ. ಅವಳ ಮಗಳೂ "ಅಮ್ಮಂಗೆ ಹೇಳಿದ್ರೆ ಮರ್ತೋಗ್ತಾಳೆ, ನೀನೇ ನೋಡ್ಕೋ ದೊಡ್ಡಮ್ಮ" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ.

ಜ್ವರಕ್ಕೆ ಕೂತ ಹುಳವನ್ನು ನಾವು ಮುಟ್ಟುತ್ತಿರಲಿಲ್ಲ. ತಾನಾಗಿ ತಲೆಯೆತ್ತುವವರೆಗೆ ಸೊಪ್ಪೂ ಹಾಕದೆ ಕಾಯುತ್ತಿದ್ದೆವು. ಆ ತಾಳ್ಮೆ ನನ್ನಲ್ಲಿತ್ತು. ಅವಳ ಪಾಲಿಗೆ ಅದು—

ಈಗ ನನಗೂ ಬಿಪಿ ಮಾತ್ರೆ. ಇವತ್ತು ಬೆಳಗ್ಗೆಯೂ ನನ್ನ ರೊಟ್ಟಿ ತಟ್ಟೆಯ ಪಕ್ಕ ಅದನ್ನಿಟ್ಟವಳು ಮಂಜುಳ. "ಮಾತ್ರೆ ಮರೀಬೇಡ ಕಣಕ್ಕ." ಒಂದು ದಿನವೂ ತಪ್ಪಿಸಿದವಳಲ್ಲ. ಹಿಂದೆಯೇ ಮುನಿರಾಜು ಬಂದು ಅವಳ ಅಂಗೈಗೆ ಅವಳ ಮಾತ್ರೆ ಹಾಕಿ, ನುಂಗುವವರೆಗೂ ನಿಂತ.

"ಇವ್ಳನ್ನ ನಂಬ್ಕೊಂಡ್ರೆ ಆಯ್ತು ಬಿಡಿ ಅತ್ತಿಗೆ" ಎಂದು ನಕ್ಕ. ನಾನೂ ನಕ್ಕೆ. ಮಂಜುಳ ನೀರಿನ ಲೋಟ ತೊಳೆದು ಬೋರಲು ಹಾಕಿದಳು.

ಸಂಜೆ ಅವನು ಡೈರಿಗೆ ಹಾಲು ಹಾಕಿ ಬರುತ್ತಾನೆ. ಮಗಳೂ ಕಾಲೇಜಿನಿಂದ ಬಂದಿರುತ್ತಾಳೆ. ಎಲ್ಲರ ಮುಂದೆ ಹೇಳುತ್ತೇನೆ. ಆಮೇಲೆ ಡಬ್ಬಿ ಅವಳ ಕೈಗೆ ಕೊಡಪ್ಪ ಎನ್ನುತ್ತೇನೆ. ಅವಳಿಂದ ಕಿತ್ತುಕೊಂಡದ್ದರಲ್ಲಿ ಹಿಂದಿರುಗಿಸಲು ಉಳಿದಿರುವುದು ಅದೊಂದೇ.