ಯಂಕವ್ವನ ಖಾಲಿ ಶೀಟುಗಳು

ಆಡೂರಿನ ಆಶಾ ಕಾರ್ಯಕರ್ತೆ ಯಂಕವ್ವ ಹನ್ನೊಂದು ವರ್ಷ ಹೇಲು, ರಕ್ತ, ವಾಂತಿ ಯಾವುದಕ್ಕೂ ಮೂಗು ಮುಚ್ಚಿದವಳಲ್ಲ. ಗುಳಿಗೆಯ ಖಾಲಿ ಶೀಟು ಕಂಡಾಗ ಮಾತ್ರ ಅವಳು ಮುಖ ತಿರುಗಿಸಿದಳು.

ಹೆಂಗಸರ ಮೈಯಲ್ಲಿ ರಕ್ತ ಹೆಚ್ಚಿಸಲು ಹೊರಟ ಯೋಜನೆಯವರು ಕಬ್ಬಿಣಾಂಶದ ಗುಳಿಗೆಯನ್ನು ಬೆಳಿಗ್ಗೆ ಏಳಕ್ಕೇ ನುಂಗಿಸಬೇಕೆಂದು ಬರೆದಿದ್ದರು. ಆಗ ಹೆಂಗಸರು ಬರೀ ಚಹಾ ಕುಡಿದು ಹೊಲಕ್ಕೆ ಹೊರಟಿರುತ್ತಾರೆ. ಖಾಲಿ ಹೊಟ್ಟೆಗೆ ಗುಳಿಗೆ ಬಿದ್ದರೆ ಬದುವಿನ ಮೇಲೆ ಕೂತು ಕಾರಿಕೊಳ್ಳುತ್ತಾರೆ.

"ಸರ, ಉಂಡ ಮ್ಯಾಲ ಕೊಡೂನ್ರಿ," ಎಂದು ಯಂಕವ್ವ ಮೂರು ಸಭೆಗಳಲ್ಲಿ ಹೇಳಿದಳು. ಯಾರೂ ಬರೆದುಕೊಳ್ಳಲಿಲ್ಲ. ನುಂಗಿದ್ದಕ್ಕೆ ಸಾಕ್ಷಿಯಾಗಿ ಖಾಲಿ ಶೀಟು ತರಬೇಕು, ಅಷ್ಟೇ ಎಂದರು.

ಹೆಂಗಸರು ಖಾಲಿ ಶೀಟುಗಳನ್ನು ಸೆರಗಿನಲ್ಲಿ ಗಂಟು ಕಟ್ಟಿ ತಂದರು. "ನಿನಗ ಬೈಗಳಾ ಬೀಳಬಾರದಂತ ಗುಳಿಗಿ ಎಲ್ಲಾ ಬಿಡಿಸಿ ತಿಪ್ಪಿಗೆ ಚೆಲ್ಲೇವಿ ಯಂಕಕ್ಕಾ," ಎಂದು ಒಬ್ಬಳು ಕಿವಿಯಲ್ಲಿ ಉಸುರಿದಳು.

ಮೌಲ್ಯಮಾಪನಕ್ಕೆ ಬಂದ ಸುಯಮೀಂದ್ರ ಸಾಹೇಬರು ಶೀಟು ಎಣಿಸಿ ಹಿಗ್ಗಿದರು. "ನೂರಕ್ಕ ನೂರು! ಯಂಕವ್ವಾರ, ನಿಮಗ ಸನ್ಮಾನ ಮಾಡ್ತೇವ್ರಿ."

"ಗುಳಿಗಿ ಯಾರೂ ನುಂಗಿಲ್ರಿ ಸರ. ಬೇಕಂದ್ರ ರಕ್ತಾ ತಗದು ನೋಡ್ರಿ."

"ರಕ್ತದ ಕಾಲಮ್ಮು ನಮ್ಮ ಫಾರ್ಮಿನ್ಯಾಗ ಇಲ್ರಿ," ಎಂದು ಅವರು ಶಾಲು ಹೊದಿಸಿಯೇಬಿಟ್ಟರು.

ಮನೆಯ ದಾರಿಯಲ್ಲಿ ತಿಪ್ಪೆ ಕೆದರುತ್ತಿದ್ದ ಕೋಳಿಯೊಂದು ಕೆಂಪು ಗುಳಿಗೆಯನ್ನು ಗುಳುಂ ಎನಿಸಿತು. ಯಂಕವ್ವ ನಿಂತಳು. ಹೆಗಲ ಶಾಲು ಕಿತ್ತು ಅದರ ಮುಂದೆ ಒಗೆದಳು.

"ತಗೋ, ನಿಂದಿದು. ಇಡೀ ಊರಾಗ ಗುಳಿಗಿ ನುಂಗಿದಾಕಿ ನೀ ಒಬ್ಬಾಕೀನ."