ಹದಿನೇಳನೇ ಪುಟದ ಗೇಟು

ಫ್ರೀಡಾ ಸಗ್ಡನ್ ಯಾವುದನ್ನೂ ಸುಮ್ಮನೆ ನಂಬುವ ಹೆಂಗಸಲ್ಲ. ಕರಪತ್ರ ಕೈಗೆ ಕೊಟ್ಟರೆ ಮೊದಲು ಹಿಂದೆ ತಿರುಗಿಸಿ, ಅಚ್ಚು ಹಾಕಿಸಿದವರು ಯಾರೆಂದು ನೋಡುತ್ತಾಳೆ. ಎಂಬತ್ನಾಲ್ಕರ ಗಣಿ ಮುಷ್ಕರದಲ್ಲಿ, ಸಂಬಳ ನಿಂತ ಮನೆಗಳಿಗಾಗಿ, ನಮ್ಮ ಥಾರ್ಪ್‌ಸೈಕ್ ಗಣಿಯೂರಿನ ಅಡುಗೆಮನೆ ನಡೆಸಿದವಳು ಅವಳೇ. ವರ್ಷವಿಡೀ ದಿನಕ್ಕೆ ಮುನ್ನೂರು ಊಟ. ನಾನು ಅವಳ ಕೈಕೆಳಗೆ ಆಲೂಗಡ್ಡೆ ಸುಲಿದವಳು. ಒಮ್ಮೆ ಯಾವುದೋ ಚರ್ಚಿನವರು ಎರಡು ಮೂಟೆ ಒಣಬಟಾಣಿ ಕಳಿಸಿದ್ದರು. ಫ್ರೀಡಾ ಎರಡನ್ನೂ ಮೇಜಿನ ಮೇಲೆ ಸುರಿದು ಕೈಯಾಡಿಸುತ್ತಾ ನಿಂತಳು. ಏನು ಹುಡುಕ್ತಿದ್ದೀಯೇ ಎಂದು ಕೇಳಿದೆ. "ಉಪದೇಶ" ಎಂದಳು.

ಗಂಡ ಲೆನ್ ಗಣಿ ಕಾರ್ಮಿಕರ ಸಂಘದ ನಮ್ಮೂರ ಶಾಖೆಯ ಮುಂದಾಳು. ಪೊಲೀಸರ ಕುದುರೆಗಳ ಎದುರು ಎದೆಗೊಟ್ಟು ನಿಂತ ಅವನ ಫೋಟೋ ಇವತ್ತಿಗೂ ಕಾರ್ಮಿಕ ಭವನದ ಗೋಡೆಯ ಮೇಲಿದೆ. ಮಾತು ಕಮ್ಮಿ, ಆಡಿದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಗಣಿ ಮುಚ್ಚಿದ ಮೇಲೆ ಫ್ರೀಡಾ ಶಾಲೆಯ ಅಡುಗೆಮನೆ ಸೇರಿದಳು, ಅವನು ಕಿಟಕಿ ಪಕ್ಕದ ಕುರ್ಚಿ ಸೇರಿದ. ಎದೆಯೊಳಗಿನ ಕಲ್ಲಿದ್ದಲ ಧೂಳು ಅವನನ್ನು ತಿಂದು ಮುಗಿಸಿ ಒಂಬತ್ತು ವರ್ಷವಾಯಿತು.

ಊರಿನ ಗ್ರಂಥಾಲಯವನ್ನು ಸರ್ಕಾರ ಮುಚ್ಚಿದಾಗ ನಾವು ಪುಸ್ತಕಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಭವನದ ಹಿಂದಿನ ಕೋಣೆಗೆ ತುಂಬಿಕೊಂಡೆವು. ಅಲ್ಲೇ ಮಂಗಳವಾರ ಮಧ್ಯಾಹ್ನ ಓದುವ ಬಳಗ ಸೇರುತ್ತದೆ. ನಡೆಸುವವಳು ಕ್ಲೆಮೆನ್ಸಿ ಹೋರ್. ದಕ್ಷಿಣದ ಕಡೆಯ ಕಾಲೇಜೊಂದರಲ್ಲಿ ಪಾಠ ಹೇಳಿ ನಿವೃತ್ತಳಾಗಿ, ಗಣಿ ಮ್ಯಾನೇಜರನ ಹಳೇ ಬಂಗಲೆ ಕೊಂಡು ಬಂದವಳು. ಮನಸ್ಸು ಒಳ್ಳೆಯದು, ಕುತ್ತಿಗೆಗೆ ಸುತ್ತಿಕೊಳ್ಳುವ ಶಾಲುಗಳು ಜಾಸ್ತಿ.

ಈ ವಸಂತದಲ್ಲಿ ಅವಳು ಒಂದು ಕಾದಂಬರಿ ತಂದಳು, 'ಸ್ಕಾರ್‌ಹೋಮ್‌ನ ಯಜಮಾನ'. ನೂರನಲವತ್ತು ವರ್ಷದ ಹಿಂದೆ ಪಾದ್ರಿಯೊಬ್ಬನ ವಿಧವೆ ಬರೆದದ್ದಂತೆ. ಬೋಳುಗುಡ್ಡದ ಮೇಲೊಂದು ಕಲ್ಲಿನ ಮನೆ, ಮಾತಾಡದ ಯಜಮಾನ, ಹತ್ತೊಂಬತ್ತರ ಹೆಂಡತಿ. ದಿನಾ ಸಂಜೆ ಅವನು ಅವಳನ್ನು ಗೋಪುರದ ಕೋಣೆಯಲ್ಲಿಟ್ಟು ಬೀಗ ಜಡಿದು ಹೊರಡುತ್ತಾನೆ. ಗೋಡೆಯಾಚೆ ಯಾರೋ ಉಸಿರಾಡುವ ಸದ್ದು. ಅದು ಹುಚ್ಚು ಹಿಡಿದು ಮನೆಯಲ್ಲೇ ಅಡಗಿದ್ದ ತಮ್ಮನೆಂದೂ, ಅವನಿಂದ ಕಾಪಾಡಲಿಕ್ಕೇ ಬೀಗ ಹಾಕಿದ್ದೆಂದೂ ಕೊನೆಯಲ್ಲಿ ತಿಳಿಯುತ್ತದೆ. ಅವಳು ಅವನ ಎದೆಗೊರಗುತ್ತಾಳೆ. ಹೊಸ ಮುದ್ರಣದ ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ, 'ಕಳೆದುಹೋಗಿದ್ದ ಮೇರುಕೃತಿ ಮತ್ತೆ ಸಿಕ್ಕಿದೆ' ಎಂದಿತ್ತು.

"ಕಳೆದುಹೋಗಿದ್ದು ಯಾರ ಮನೇಲಿ?" ಎಂದಳು ಫ್ರೀಡಾ.

ಐದು ವಾರ ಆ ಪುಸ್ತಕದ ಮೇಲೆ ಜಗಳವೋ ಜಗಳ. ಭಯ ಮತ್ತು ಬಯಕೆ ಒಂದೇ ಬಟ್ಟೆಯ ಎರಡು ಮಗ್ಗುಲು ಎಂದು ಕ್ಲೆಮೆನ್ಸಿ ಕಣ್ಣರಳಿಸಿದಳು. ಕಸಾಯಿ ಅಂಗಡಿಯ ಬೆರಿಲ್, "ಮೂರನೇ ಅಧ್ಯಾಯದಲ್ಲೇ ಒಲೆ ಕೆದಕೋ ಕಬ್ಬಿಣದಿಂದ ಅವನ ತಲೆ ಒಡೀಬೇಕಿತ್ತು, ಪುಸ್ತಕಾನೂ ತೆಳ್ಳಗಾಗ್ತಿತ್ತು" ಎಂದಳು. ಬಳಗದ ಒಬ್ಬನೇ ಗಂಡಸು, ಲೆನ್ ಜೊತೆ ಮೂವತ್ತು ವರ್ಷ ನೆಲದಡಿ ಕೆಲಸ ಮಾಡಿದ ವಿಲ್ಫ್, ಬೇರೇನೋ ಹಿಡಿದ. "ಆ ಗೋಪುರದಲ್ಲಿ ದಿನಾ ಬೆಂಕಿ ಉರೀತದಲ್ಲ, ಕಲ್ಲಿದ್ದಲು ಹೊತ್ತೋರು ಯಾರು? ಹೊತ್ತೋರಿಗೆಲ್ಲ ಗೊತ್ತಿತ್ತು ಅಂತಾಯ್ತು. ಒಬ್ರೂ ಬಾಯಿ ಬಿಡ್ಲಿಲ್ಲ." ನನಗೆ ಆ ಮಾತು ಸರಿಹೋಗಲಿಲ್ಲ. ಯಾಕೆಂದು ಆಗ ನೋಡಲು ಹೋಗಲಿಲ್ಲ.

ಫ್ರೀಡಾ ಮಾತ್ರ, "ನಾನು ಓದಿಲ್ಲ, ಓದೋದೂ ಇಲ್ಲ" ಎನ್ನುತ್ತಲೇ ಪ್ರತಿವಾರ ಬಂದು ಬೈದು ಹೋಗುತ್ತಿದ್ದಳು.

ಅವಳು ಬೈಯುತ್ತಿದ್ದದ್ದು ಪುಸ್ತಕವನ್ನಲ್ಲ ಎಂದು ನಮಗೆಲ್ಲ ಗೊತ್ತು. ಸೊಂಟದ ನೋವಿನ ಅಜ್ಜಿಯನ್ನು ಕೈಹಿಡಿದು ಕರೆತರುತ್ತಿದ್ದವಳು ಮೊಮ್ಮಗಳು ಕರ್ಸ್ಟಿ. ಇಪ್ಪತ್ತು ವರ್ಷ, ವೃದ್ಧಾಶ್ರಮದಲ್ಲಿ ಕೆಲಸ. ಅವಳು ಆ ಪುಸ್ತಕವನ್ನು ಎರಡೇ ದಿನದಲ್ಲಿ ನುಂಗಿದ್ದಳು. ಅವಳ ಹುಡುಗ ಕಾನರ್‌ಗೆ ಉತ್ತರದ ಬೋಳುಗುಡ್ಡದ ಮೇಲೆ ಕೆಲಸ ಸಿಕ್ಕಿತ್ತು, ಶ್ರೀಮಂತರ ಬೇಟೆಗೆ ಹಕ್ಕಿ ಸಾಕುವುದು. ಇರಲಿಕ್ಕೆ ಒಂದು ಕ್ಯಾರವಾನ್, ಗಾಲಿಯ ಮೇಲಿನ ಪುಟ್ಟ ಮನೆ. ಸುತ್ತ ಆರು ಮೈಲಿ ಮನೆಯಿಲ್ಲ, ಫೋನೂ ಸಿಕ್ಕುವುದಿಲ್ಲ. ಬರುವ ಶನಿವಾರ ಕರ್ಸ್ಟಿ ಕೆಲಸ ಬಿಟ್ಟು ಅವನ ಜೊತೆ ಹೊರಡುವವಳಿದ್ದಳು. ಕಾನರ್ ಒಂದು ದಿನವೂ ಒಳಗೆ ಕಾಲಿಡಲಿಲ್ಲ. ಹೊರಗೆ ವ್ಯಾನಿನ ಎಂಜಿನ್ ಓಡಿಸಿಕೊಂಡು ಕೂತಿರುತ್ತಿದ್ದ.

"ಅವನಿಗೇನು, ಅಂಡು ಸೀಟಿಗೆ ಅಂಟಿಕೊಂಡಿದ್ಯಾ? ಒಂದು ಲೋಟ ಟೀ ಕುಡಿಯೋಕೂ ಬರಲ್ವಲ್ಲ" ಎನ್ನುತ್ತಿದ್ದಳು ಫ್ರೀಡಾ.

"ಅವನಿಗೆ ಜನ ಅಂದ್ರೆ ಆಗಲ್ಲ ಅಜ್ಜಿ. ಒಳಗೊಳಗೇ ಇಟ್ಕೊಳ್ಳೋ ಸ್ವಭಾವ. ಸ್ಕಾರ್‌ಹೋಮ್ ಯಜಮಾನನ ಥರ."

"ಒಳಗೇನಿದೆ ಅಂತ ನೋಡಿದ್ದೀಯಾ?"

"ನೀನು ಪುಸ್ತಕಾನೇ ಓದಿಲ್ಲ. ಓದದೇ ಇರೋರ ಹತ್ರ ಏನು ವಾದ ಮಾಡ್ಲಿ?"

ಮುನ್ನೂರು ಜನಕ್ಕೆ ಉಣಬಡಿಸಿದವಳು, ಪೊಲೀಸ್ ಅಧಿಕಾರಿಯ ಟೋಪಿಯನ್ನು ಸಾರಿನ ಸೌಟಿನಿಂದ ಉರುಳಿಸಿದವಳು, ಈ ಹುಡುಗಿಯ ಮುಂದೆ ಬಿಸ್ಕತ್ತನ್ನು ಟೀಗೆ ಅದ್ದುತ್ತಾ ಕೂತುಬಿಡುತ್ತಿದ್ದಳು.

ಐದನೇ ಮಂಗಳವಾರ ಕ್ಲೆಮೆನ್ಸಿ ಕುಣಿಯುತ್ತಾ ಬಂದಳು. ಭವನದ ಬಾಯ್ಲರ್ ಕೋಣೆಯ ಬೀರುವಿನಲ್ಲಿ ಹಳೇ ಪುಸ್ತಕಗಳ ಪೆಟ್ಟಿಗೆ ಸಿಕ್ಕಿತ್ತು. ಅದರಲ್ಲಿ ಇದೇ ಕಾದಂಬರಿಯ ಹಳೆಯ ಪ್ರತಿ. ಗಣಿಯವರ ಗ್ರಂಥಾಲಯದ ಮುದ್ರೆ, ಬೆನ್ನು ಹರಿದು ಟೇಪು ಹಚ್ಚಿದ್ದು.

"ಆದ್ರೆ ಯಾರೋ ಮಕ್ಕಳು ಗೀಚಿ ಹಾಳು ಮಾಡಿದ್ದಾರೆ, ನೋಡಿ" ಎಂದು ಹದಿನೇಳನೇ ಪುಟ ತೆರೆದಳು. ಅಂಚಿನ ತುಂಬ ಪುಟ್ಟ ಪುಟ್ಟ ಗುರುತುಗಳು. ಮೀನು, ಟೀಪಾಟು, ಅಡ್ಡಗೆರೆ, ಸುತ್ತು ಹಾಕಿದ ಚುಕ್ಕಿ.

ಬೆರಿಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಕ್ಕಳಲ್ಲ ಮಾರಾಯ್ತಿ, ನಮ್ಮಮ್ಮಂದಿರು. ವಾರಕ್ಕೆ ಮೂರು ಪುಸ್ತಕ ಓದೋರು, ಯಾವುದು ಓದಿದ್ದು ಯಾವುದು ಓದದ್ದು ನೆನಪಿರಬೇಕಲ್ಲ. ಹದಿನೇಳನೇ ಪುಟದಲ್ಲಿ ಅವರವರ ಗುರುತು ಹಾಕೋರು. ಈ ಮೀನು ನಮ್ಮಮ್ಮನದೇ."

ಕ್ಲೆಮೆನ್ಸಿ ಎಣಿಸಿದಳು. ನಲವತ್ತಮೂರು.

"ನಲವತ್ತಮೂರು ಸಲ ಓದಿದ ಪುಸ್ತಕ ಕಳೆದುಹೋಗಿತ್ತಂತೆ" ಎಂದ ವಿಲ್ಫ್.

ಪುಸ್ತಕ ಕೈಯಿಂದ ಕೈಗೆ ಹೋಯಿತು. ನನ್ನ ಕೈಗೆ ಬಂದಾಗ ಕೆಳಮೂಲೆಯಲ್ಲಿ ಕಂಡೆ. ಎರಡು ನಿಂತ ಗೆರೆ, ನಡುವೆ ಮೂರು ಅಡ್ಡಗೆರೆ. ಒಂದು ಪುಟ್ಟ ಗೇಟು. ಒಂದಲ್ಲ, ಸಾಲಾಗಿ ಮೂರು. ಮುಷ್ಕರದ ಅಡುಗೆಮನೆಯಲ್ಲಿ ಬೇರೆಯವರ ಪಾತ್ರೆ ಜೊತೆ ಬೆರೆಯದಿರಲೆಂದು ಫ್ರೀಡಾ ತನ್ನ ಪಾತ್ರೆಗಳ ತಳದಲ್ಲಿ ಮೊಳೆಯಿಂದ ಕೊರೆಯುತ್ತಿದ್ದ ಗುರುತು. ಅವನ್ನು ವರ್ಷವಿಡೀ ಉಜ್ಜಿದವಳು ನಾನು. ಸುಮ್ಮನೆ ಪುಸ್ತಕ ಮುಂದೆ ದಾಟಿಸಿದೆ. ನಮ್ಮೂರಲ್ಲಿ ಸುಮ್ಮನಿರುವುದನ್ನು ಯಾರೂ ಕಲಿಸಬೇಕಿಲ್ಲ.

ಬೆರಿಲ್ ಸುಮ್ಮನಿರಲಿಲ್ಲ. "ಏ ಫ್ರೀಡಾ, ಇದು ನಿನ್ನ ಪಾತ್ರೆ ಮೇಲಿನ ಗೇಟಲ್ವೇನೇ?"

"ಗೇಟು ಯಾರು ಬೇಕಾದ್ರೂ ಬರೀಬಹುದು" ಎಂದಳು ಫ್ರೀಡಾ, ತಲೆಯೆತ್ತದೆ.

ಕರ್ಸ್ಟಿ ಪುಸ್ತಕ ಎತ್ತಿಕೊಂಡು ಬೆಳಕಿಗೆ ಹಿಡಿದಳು. "ನನ್ನ ಊಟದ ಡಬ್ಬಿ ಮೇಲೂ ಇದೇ ಇತ್ತು. ನೀನೇ ಹಾಕಿದ್ದು. ಮೂರು ಸಲ ಓದಿ, ಓದೇ ಇಲ್ಲ ಅಂದ್ಯಲ್ಲ ಅಜ್ಜಿ. ಇನ್ನೇನೇನು ಸುಳ್ಳು ಹೇಳಿದ್ದೀಯ ನನಗೆ?"

ಹೊರಗೆ ವ್ಯಾನಿನ ಹಾರ್ನ್ ಒಮ್ಮೆ ಕೂಗಿತು. ಹುಡುಗಿ ಕೋಟು ಕೈಗೆತ್ತಿಕೊಂಡಳು.

"ಕೂತ್ಕೋ" ಎಂದಳು ಫ್ರೀಡಾ. "ಹೇಳ್ತೀನಿ. ಆದ್ರೆ ಮಧ್ಯೆ ಬಾಯಿ ಹಾಕ್ಬೇಡ."

ಕರ್ಸ್ಟಿ ಕೂರಲಿಲ್ಲ. ಹೋಗಲೂ ಇಲ್ಲ.

"ಮೊದಲನೇ ಗೇಟು ನನಗೆ ಹದಿನೇಳು ವರ್ಷ ಇದ್ದಾಗ ಹಾಕಿದ್ದು. ಎರಡು ವರ್ಷ ಆದ್ಮೇಲೆ ಲೆನ್‌ನ ಮದುವೆಯಾದೆ. ಯಾಕಾದೆ ಗೊತ್ತಾ? ಕುಣಿತದ ಹಾಲಿನಲ್ಲಿ ಎಲ್ಲಾ ಹುಡುಗರೂ ವಟಗುಟ್ತಿದ್ರು, ಅವನೊಬ್ಬ ಗೋಡೆಗೊರಗಿ ಸುಮ್ಮನಿದ್ದ. ಒಳಗೆ ಏನೋ ಭಾರೀ ಇಟ್ಕೊಂಡಿದ್ದಾನೆ ಅಂದ್ಕೊಂಡೆ."

"ತಾತ ಒಳ್ಳೆಯವ್ರು ಅಂತ ನೀನೇ..."

"ಬಾಯಿ ಹಾಕ್ಬೇಡ ಅಂದೆ. ಸಂಜೆ ಪಾಳಿ, ರಾತ್ರಿ ಪಾಳಿ ಬಂದ್ರೆ ಮುಂಬಾಗಿಲಿಗೆ ಬೀಗ ಹಾಕಿ ಬೀಗದ ಕೈ ತಗೊಂಡು ಹೋಗ್ತಿದ್ದ. ಹಿಂಬಾಗಿಲಿಗೆ ಹೊರಗಿನಿಂದ ಅಗುಳಿ. 'ಒಳಗಿದ್ರೆ ನೀನು ಕ್ಷೇಮ' ಅನ್ನೋನು, ಅಷ್ಟೇ. ಹೊಡೀಲಿಲ್ಲ, ಬಯ್ಲಿಲ್ಲ. ನಿಮ್ಮಪ್ಪ ಹುಟ್ಟಿದ ಮೇಲೆ ಎರಡನೇ ಸಲ ಓದ್ದೆ. ಕೊನೇಲಿ ಯಜಮಾನ ಕಾರಣ ಹೇಳ್ತಾನಲ್ಲ, ಇವನೂ ಒಂದಿನ ಹೇಳ್ತಾನೆ ಅಂತ ಕಾದೆ. ಅಟ್ಟ ಹತ್ತಿ ನೋಡ್ದೆ ಕಣೇ, ನಿಜವಾಗ್ಲೂ. ಅಲ್ಲಿ ಯಾವ ತಮ್ಮನೂ ಅಡಗಿರ್ಲಿಲ್ಲ. ಹಳೇ ಬೂಟು, ಪಾರಿವಾಳದ ಹಿಕ್ಕೆ."

ಟೀ ಬಟ್ಟಲು ಕೈಗೆತ್ತಿಕೊಂಡು ಫ್ರೀಡಾ ಮುಂದುವರಿಸಿದಳು.

"ಮುಷ್ಕರದ ವರ್ಷ ಮಾತ್ರ ಬೀಗದ ಕೈ ನನ್ನ ಹತ್ರ ಇತ್ತು. ಬೆಳಗ್ಗೆ ಐದಕ್ಕೆ ಅಡುಗೆಮನೆ ತೆಗೀಬೇಕಿತ್ತಲ್ಲ, ಸಮಿತಿ ಹೇಳಿದ ಮೇಲೆ ಅವನೇನು ಮಾಡ್ತಾನೆ? ನೀವೆಲ್ಲ ಹಸಿದು ಸೊರಗಿದ ವರ್ಷ ನಾನು ಹಾಯಾಗಿ ಓಡಾಡ್ದೆ. ಬಾವುಟ ಹಿಡಿದು ಕೆಲಸಕ್ಕೆ ವಾಪಸ್ ಹೋದ ದಿನ, ಮನೇಲಿ ಕೈ ಚಾಚಿದ. ಕೊಟ್ಟೆ. ಮೂರನೇ ಗೇಟು ಆ ವಾರದ್ದು, ಪುಸ್ತಕ ಮುಷ್ಕರದಲ್ಲೇ ತಂದಿಟ್ಟಿದ್ದೆ. ಆ ಸಲ ಕೊನೇ ಅಧ್ಯಾಯ ಓದ್ಲಿಲ್ಲ."

ಮುಷ್ಕರ ಮುಗಿದ ಮೇಲೆ ಮೂರು ವಾರ ಅವಳು ಬೀದಿಗೆ ಕಾಣಿಸಲಿಲ್ಲ. ಸುಸ್ತಾಗಿದೆ ಎಂದು ಲೆನ್ ಹೇಳಿದ, ಹೌದು ಹೌದು ಎಂದೆವು. ನಮಗೆ ಅನುಮಾನ ಇರಲಿಲ್ಲವೇ? ಇತ್ತು. ಆ ಹಿಂಬಾಗಿಲ ಅಗುಳಿಯನ್ನು ಪಕ್ಕದ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ನಾನೇ ಎಷ್ಟೋ ಸಲ ನೋಡಿದ್ದೆ. ಕುದುರೆಗಳ ಮುಂದೆ ನಿಂತವನ ಮನೆಯ ಬಾಗಿಲು ತಟ್ಟಿ ಕೇಳುವುದು ಹೇಗೆ, ಸುದ್ದಿ ಸಂಘದ ಶತ್ರುಗಳ ಬಾಯಿಗೆ ಸಿಕ್ಕರೆ ಏನು ಗತಿ ಎಂದು ಲೆಕ್ಕ ಹಾಕಿದೆವು. ಹೋರಾಟದ ಹೆಸರಲ್ಲಿ ಮಾಡಿದ ಹೇಡಿತನ ಅದು, ಬೇರೆ ಹೆಸರಿಲ್ಲ.

ಕರ್ಸ್ಟಿ ಕೋಟನ್ನು ಎದೆಗೆ ಒತ್ತಿಕೊಂಡಳು. "ಶನಿವಾರ ನಾನು ಹೋಗ್ಬಾರ್ದು ಅಂತ ಇವತ್ತು ಕಟ್ಟಿದ ಕಥೆ ಇದು."

"ನೀನು ಹೋಗ್ಬಾರ್ದು ಅಂತಲೇ ಹೇಳಿದ್ದು. ಕಟ್ಟಿದ್ದಲ್ಲ."

"ಸತ್ತವರ ಮೇಲೆ ಏನು ಬೇಕಾದ್ರೂ ಹೇಳಬಹುದು. ನಿನ್ನನ್ನ ಹೇಗೆ ನಂಬ್ಲಿ?"

ಇಡೀ ಜೀವಮಾನ ಬೇರೆಯವರನ್ನು ಅನುಮಾನಿಸಿದವಳಿಗೇ ಈ ಪ್ರಶ್ನೆ. ಉತ್ತರ ಬಂದದ್ದು ವಿಲ್ಫ್‌ನಿಂದ. ನೆಲ ನೋಡುತ್ತಲೇ ಹೇಳಿದ.

"ಕತ್ತಿನಲ್ಲಿ ದಾರಕ್ಕೆ ಕಟ್ಕೊಂಡಿರ್ತಿದ್ದ. ಬೀಗದ ಕೈ. ನೆಲದಡಿ ಸೆಕೆಗೆ ಅಂಗಿ ಬಿಚ್ಚಿದಾಗ ಕಾಣೋದು. 'ಹೆಂಡ್ತೀನ ಕತ್ತಿಗೆ ಕಟ್ಕೊಂಡು ಬಂದಿದ್ದೀಯಾ' ಅಂತ ನಾವೇ ತಮಾಷೆ ಮಾಡ್ತಿದ್ವಿ. ಅವನೂ ನಗೋನು." ಆಮೇಲೆ ಎದ್ದು ನಿಂತು, "ಫ್ರೀಡಾ, ಆ ಫೋಟೋ ಬೇಕಾದ್ರೆ ಈಗ್ಲೇ ಇಳಿಸ್ತೀನಿ" ಎಂದ.

"ಮುಟ್ಬೇಡ. ಕುದುರೆ ಮುಂದೆ ನಿಂತಿದ್ದು ಸುಳ್ಳಲ್ಲ. ನೀವು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೂ ಸುಳ್ಳಲ್ಲ. ಎಲ್ಲಾ ಇರ್ಲಿ ಅಲ್ಲೇ."

ಹಾರ್ನ್ ಮತ್ತೆ ಕೂಗಿತು, ಈ ಸಲ ಉದ್ದಕ್ಕೆ. ಕರ್ಸ್ಟಿ ಕೋಟು ತೊಟ್ಟು ಹೊರಗೆ ಹೋದಳು. ಬೆರಿಲ್ ನಾಚಿಕೆಯಿಲ್ಲದೆ ಕಿಟಕಿಗೆ ಹೋಗಿ ನಿಂತಳು.

"ಗಾಜು ಇಳಿಸ್ದ. ಏನೋ ಕೇಳ್ತಿದ್ದಾಳೆ. ಅವನು ಎದುರಿಗೆ ನೋಡ್ತಿದ್ದಾನೆ, ಇವಳ ಕಡೆ ಅಲ್ಲ. ಮತ್ತೆ ಕೇಳ್ತಿದ್ದಾಳೆ."

"ವ್ಯಾನ್ ಹತ್ತಿದ್ಲಾ?" ಎಂದಳು ಫ್ರೀಡಾ.

"ಬಾಗಿಲ ಮೇಲೆ ಕೈ ಇಟ್ಟಿದ್ದಾಳೆ."

ಕ್ಲೆಮೆನ್ಸಿ ಅಳುತ್ತಿದ್ದಳು. ಅಳಬೇಡ ಎಂದು ಹೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ವ್ಯಾನು ಹೊರಟ ಸದ್ದು ಕೇಳಿತು. ಬೆರಿಲ್ ತಿರುಗಿ ಏನೋ ಹೇಳುವುದರೊಳಗೆ ಹುಡುಗಿ ಒಳಗೆ ಬಂದಿದ್ದಳು.

"ಕ್ಯಾರವಾನಿನ ಬೀಗದ ಕೈ ಎಷ್ಟಿವೆ ಅಂತ ಕೇಳ್ದೆ" ಎಂದಳು. "ಒಂದೇ ಅಂದ. ನನಗೂ ಒಂದು ಮಾಡಿಸ್ಕೊಡು ಅಂದೆ. 'ನಿನಗ್ಯಾಕೆ, ನಾನಿರ್ತೀನಲ್ಲ' ಅಂದ."

"ಆಮೇಲೆ?"

"ಶನಿವಾರ ಬರಲ್ಲ ಅಂದೆ. ಏನೂ ಮಾತಾಡ್ಲಿಲ್ಲ. ಹೋದ."

ಫ್ರೀಡಾ ಅವಳನ್ನು ದಿಟ್ಟಿಸಿದಳು. "ಈ ಶನಿವಾರಾನೋ, ಯಾವ ಶನಿವಾರಾನೂನೋ?"

"ಈ ಶನಿವಾರ. ಮುಂದಿಂದು ಕೇಳ್ಬೇಡ."

"ಕೇಳ್ತೀನಿ. ದಿನಾ ಕೇಳ್ತೀನಿ."

"ಗೊತ್ತು." ಕರ್ಸ್ಟಿ ಅಜ್ಜಿಯ ಪಕ್ಕದ ಕುರ್ಚಿ ಬಿಟ್ಟು ಎದುರಿನದರಲ್ಲಿ ಕೂತಳು. ಕೋಟು ಬಿಚ್ಚಲಿಲ್ಲ. "ನನಗೆ ಆ ಪುಸ್ತಕ ಈಗಲೂ ಇಷ್ಟ. ನೀನು ಹೇಳಿದ್ದೆಲ್ಲ ಪೂರ್ತಿ ನಂಬಿದ್ದೀನಿ ಅಂತಾನೂ ಅಂದ್ಕೋಬೇಡ. ಅಪ್ಪನಿಗೆ ಏನೇನು ಗೊತ್ತಿತ್ತು, ನೀನ್ಯಾಕೆ ಬಿಟ್ಟು ಹೋಗ್ಲಿಲ್ಲ, ಎಲ್ಲಾ ಮನೆಗೆ ಹೋಗ್ತಾ ಹೇಳ್ಬೇಕು."

"ಮನೆ ಎರಡು ಬೀದಿ ಆಚೆ. ಅಷ್ಟರಲ್ಲಿ ಮುಗಿಯಲ್ಲ."

"ಸುತ್ತು ಹಾಕ್ಕೊಂಡು ಹೋಗೋಣ."

"ನನ್ನ ಸೊಂಟ?"

"ನಿಧಾನಕ್ಕೆ ನಡಿ" ಎಂದಳು ಹುಡುಗಿ, ಮತ್ತು ಊರುಗೋಲನ್ನು ಮೇಜಿನ ಮೇಲಿಂದ ಅವಳ ಕಡೆ ತಳ್ಳಿದಳು.