ಇಟಲಿ ಗಾಡಿಯ ಹಿಂದಿನ ಸೀಟು

ಮೂರು ತಿಂಗಳ ಹಿಂದೆ ಒಂದು ಮಂಗಳವಾರ ಮಧ್ಯಾಹ್ನ, ಕಾಲುವೆಯ ರಸ್ತೆಯಲ್ಲಿ, ನನ್ನ ಮೋಟಾರ್‌ಸೈಕಲ್ ಸವಾರರನ್ನು ಎಣಿಸಿತು. ಇಬ್ಬರು ಎಂದು ತೋರಿಸಿತು.

ನಾನು ಒಬ್ಬನೇ ಇದ್ದೆ.

ಇದನ್ನು ಓದಿ ನಗುವವರು ಯಾರು ಯಾರೆಂದು ನನಗೆ ಚೆನ್ನಾಗಿ ಗೊತ್ತು. ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ನನ್ನ ನೀಲಿ ರಟ್ಟಿನ ನೋಟುಪುಸ್ತಕಗಳ ವಿಷಯವೂ ಗೊತ್ತು. ಯಾರು, ಎಲ್ಲಿ, ಯಾವ ಮಾತಿನಿಂದ ನನ್ನನ್ನು ಹಗುರ ಮಾಡಿದರು ಎಂಬುದನ್ನು ನೌಕರಿಗೆ ಸೇರಿದ ದಿನದಿಂದ ಅವುಗಳಲ್ಲಿ ಬರೆದಿಟ್ಟಿದ್ದೇನೆ. ಹಗೆ ಸಾಧಿಸಲು ಅಲ್ಲ. ನೆನಪು ಕೈಕೊಡಬಾರದೆಂದು.

ಗಾಡಿಯ ವಿಷಯಕ್ಕೆ ಬರುತ್ತೇನೆ. ಅದು ಇಟಲಿಯದು, ದೂರ ಪ್ರಯಾಣಕ್ಕೆಂದೇ ಮಾಡಿದ ಸ್ಪೋರ್ಟ್ ಟೂರರ್. ಹೈದರಾಬಾದಿನ ವೈದ್ಯರೊಬ್ಬರು ಬೆನ್ನುನೋವಿನಿಂದ ಮಾರಿದರು, ಬೆನ್ನುನೋವಿಲ್ಲದ ನಾನು ಕೊಂಡೆ. ನಿವೃತ್ತ ಕಾಲುವೆ ಇಂಜಿನಿಯರೊಬ್ಬನಿಗೆ ಈ ವಯಸ್ಸಿನಲ್ಲಿ ಇದೇಕೆ ಎಂದು ಕೇಳಿದವರೆಲ್ಲ ಹನ್ನೊಂದನೇ ಪುಸ್ತಕದಲ್ಲಿ ಇದ್ದಾರೆ. ಶಹಾಪುರದ ಪೆಟ್ರೋಲ್ ಬಂಕಿನವನು ನಳಿಕೆ ಹಿಡಿದುಕೊಂಡೇ, 'ಮಗಂದೇನ್ರಿ ಗಾಡಿ? ನಿಮಗ ಒರೆಸಾಕ ಕೊಟ್ಟಾನೇನು?' ಎಂದ. ಅವನೂ ಇದ್ದಾನೆ.

ಆದರೆ ನ್ಯಾಯವಾಗಿ ಹೇಳಬೇಕು. ಅಷ್ಟು ಸುಖವಾದ ಸವಾರಿಯನ್ನು ನಾನು ಬೇರೆ ಯಾವ ಗಾಡಿಯಲ್ಲೂ ಕಂಡಿಲ್ಲ. ಹ್ಯಾಂಡಲ್ ಎದೆಯ ಮಟ್ಟಕ್ಕಿದೆ, ಮಣಿಕಟ್ಟು ನೋಯುವುದಿಲ್ಲ. ಮುಂದಿನ ಗಾಜನ್ನು ಒಂದು ಬೆರಳಿನಿಂದ ಏರಿಸಿದರೆ ಗಾಳಿ ತಲೆಯ ಮೇಲಿಂದ ಹಾದುಹೋಗುತ್ತದೆ. ಎರಡು ತಾಸು ಕುಳಿತರೂ ಸೊಂಟ ತಕರಾರು ಮಾಡುವುದಿಲ್ಲ. ದೋಷವಿಲ್ಲವೆ? ಇದೆ. ನಿಧಾನವಾಗಿ ಹೋದರೆ ಇಂಜಿನ್ನಿನ ಕಾವು ತೊಡೆಗೆ ಬಡಿಯುತ್ತದೆ, ನಮ್ಮ ಭಾಗದ ಬಿಸಿಲಿಗೆ ಅದು ಹೆಚ್ಚಿನ ಶಿಕ್ಷೆ. ಸೀಟು ಎತ್ತರ. ನನ್ನ ಹೆಂಡತಿ ಶಾಂತಾಬಾಯಿ ಅದನ್ನು ಒಮ್ಮೆ ಸುತ್ತುಹಾಕಿ ನೋಡಿ, 'ಒಂಟೆ ತಂದೀರಿ. ಒಬ್ಬರ ಏರ್ರಿ' ಎಂದು ಒಳಗೆ ಹೋದಳು. (ಇದನ್ನು ಬರೆದುಕೊಂಡಿಲ್ಲ. ಮನೆಯೊಳಗಿನದಕ್ಕೆ ಬೇರೆ ಪುಸ್ತಕವಿಲ್ಲ.)

ಈ ಗಾಡಿಗೆ ಇನ್ನೊಂದು ಗುಣವಿದೆ. ಮೇಲೆ ಕುಳಿತ ಭಾರವನ್ನು ತಾನೇ ಅಳೆದು ಹಿಂದಿನ ಸ್ಪ್ರಿಂಗನ್ನು ಬಿಗಿ ಮಾಡಿಕೊಳ್ಳುತ್ತದೆ. ಏನು ಅಳೆಯಿತೆಂದು ಪರದೆಯ ಮೂಲೆಯಲ್ಲಿ ಚಿತ್ರವಾಗಿ ತೋರಿಸುತ್ತದೆ. ಒಂದು ಹೆಲ್ಮೆಟ್ ಎಂದರೆ ಒಬ್ಬ. ಎರಡು ಹೆಲ್ಮೆಟ್ ಎಂದರೆ ಇಬ್ಬರು. ಪಕ್ಕದಲ್ಲಿ ಚೀಲವಿದ್ದರೆ ಸಾಮಾನೂ ಇದೆ ಎಂದರ್ಥ.

ಆ ಮಂಗಳವಾರ ರಂಗಂಪೇಟೆಯ ಮನೆಯಿಂದ ಹೊರಟು ಭೀಮರಾಯನಗುಡಿಯ ಕಡೆಗೆ ಕಾಲುವೆಯ ಏರಿಯ ಮೇಲೆ ಹೋಗುತ್ತಿದ್ದೆ. ಕಾಲುವೆ ತುಂಬಿತ್ತು. ಗದ್ದೆಗಳಲ್ಲಿ ಯಾರೂ ಇರಲಿಲ್ಲ. ಆರನೇ ತೂಬಿನ ಬಳಿ, ಅಂದರೆ ಗದ್ದೆಗಳಿಗೆ ನೀರು ಬಿಡುವ ಆರನೇ ಗೇಟಿನ ಬಳಿ, ರಸ್ತೆ ಕೆಟ್ಟಿದ್ದರಿಂದ ವೇಗ ತಗ್ಗಿಸಿದೆ. ಗಾಡಿಯ ಹಿಂಭಾಗ ಮೆಲ್ಲಗೆ ಕುಸಿಯಿತು. ಹಳ್ಳಕ್ಕೆ ಬಿದ್ದಂತಲ್ಲ. ರೂಢಿಯಿರುವ ಮನುಷ್ಯನೊಬ್ಬ ಕಾಲು ಎತ್ತಿ ಹಾಕಿ, ಸದ್ದಿಲ್ಲದೆ ಕುಳಿತಂತೆ.

ಪರದೆಯಲ್ಲಿ ಎರಡು ಹೆಲ್ಮೆಟ್ ಮೂಡಿದವು. ಪಕ್ಕದಲ್ಲಿ ಒಂದು ಚೀಲ.

ಹಿಂದೆ ತಿರುಗಿದೆ. ಸೀಟು ಖಾಲಿ. ಸೀಟಿನ ಆಚೆ ಕಾಲುವೆ, ಕಾಲುವೆಯ ಆಚೆ ಬಿಸಿಲು.

ಒಂಬತ್ತನೇ ತೂಬಿನ ಬಳಿ ಹಿಂಭಾಗ ಮತ್ತೆ ಮೇಲೆದ್ದಿತು. ಒಂದು ಹೆಲ್ಮೆಟ್.

ಯಂತ್ರ ಒಮ್ಮೆ ತಪ್ಪುವುದುಂಟು. ನಾನು ಒಮ್ಮೆಗೆ ತೀರ್ಮಾನಿಸುವವನಲ್ಲ. ಮುಂದಿನ ದಿನಗಳಲ್ಲಿ ಅದೇ ದಾರಿಯಲ್ಲಿ ಏಳು ಸಲ ಹೋದೆ. ಬೆಳಿಗ್ಗೆ ಹೋದೆ, ನಡುಮಧ್ಯಾಹ್ನ ಹೋದೆ. ಟೈರಿನ ಗಾಳಿ ಅಳೆಸಿದೆ. ಗಾಡಿಯ ಪಕ್ಕದ ಸಾಮಾನಿನ ಡಬ್ಬಿಗಳನ್ನು ಬಿಚ್ಚಿಟ್ಟು ಹೋದೆ. ಏಳು ಸಲವೂ ಆರರಲ್ಲಿ ಭಾರ ಏರಿತು, ಒಂಬತ್ತರಲ್ಲಿ ಇಳಿಯಿತು. ನಡುವೆ ನಾಲ್ಕು ಕಿಲೋಮೀಟರ್. ಆ ನಾಲ್ಕು ಕಿಲೋಮೀಟರಿನಲ್ಲಿ ಬ್ರೇಕು ತಡವಾಗಿ ಹಿಡಿಯುತ್ತಿತ್ತು, ತಿರುವಿನಲ್ಲಿ ಗಾಡಿ ಭಾರವಾಗಿ ವಾಲುತ್ತಿತ್ತು. ಹಾಗೆಯೇ, ನನ್ನ ಬೆನ್ನಿಗೆ ಗಾಳಿ ತಾಗುತ್ತಿರಲಿಲ್ಲ. ಹಿಂದೆ ಯಾರಾದರೂ ಕುಳಿತರೆ ತಾಗುವುದಿಲ್ಲವಲ್ಲ, ಹಾಗೆ.

ತಿರುಗಿ ಬರುವಾಗ ಏನೂ ಇಲ್ಲ. ಒಂಬತ್ತರಿಂದ ಆರಕ್ಕೆ ನಾನು ಒಬ್ಬನೇ.

ಹೈದರಾಬಾದಿಗೆ ಒಯ್ದೆ. ಅಲ್ಲಿಯ ಮೆಕ್ಯಾನಿಕ್ ಗುರುಮಠಕಲ್ ಕಡೆ ಬಾಲ್ಯ ಕಳೆದ ಮನುಷ್ಯ, ಕನ್ನಡ ಬಲ್ಲವ. ಗಾಡಿಗೆ ಲ್ಯಾಪ್‌ಟಾಪ್ ಜೋಡಿಸಿ ಬಹಳ ಹೊತ್ತು ನೋಡಿದ.

'ಸೆನ್ಸರ್ ಚಲೋ ಅದರಿ.'

'ಮತ್ತೆ ಇಬ್ಬರು ಎಂದು ಯಾಕೆ ತೋರಿಸುತ್ತದೆ?'

'ಇಬ್ಬರು ಕುಂತಿರ್ತೀರಿ, ಅದಕ್ಕ.'

'ನಾನು ಒಬ್ಬನೇ ಎಂದು ಎಷ್ಟು ಸಲ ಹೇಳಲಿ?'

ಅವನು ನನ್ನ ಕನ್ನಡಕವನ್ನು ನೋಡಿದ, ಕೂದಲನ್ನು ನೋಡಿದ. 'ವಯಸ್ಸಾದ ಮ್ಯಾಲ ಒಮ್ಮೊಮ್ಮಿ ನೆನಪು ಹಾರ್ತದ್ರಿ, ಕಾಕಾ' ಎಂದ. (ಹನ್ನೊಂದನೇ ಪುಸ್ತಕ.) ಆಮೇಲೆ ಮತ್ತೆ ಪರದೆಯ ಕಡೆಗೆ ಬಾಗಿ, 'ಒಂದು ಮಾತ್ರ ಖರೇ. ನಿಮ್ಮ ಹಿಂದ ಕುಂತಾಂವ ಭಾಳ ತೂಕಿಲ್ರಿ, ಬಡಕಲ ಮನುಷ್ಯಾ. ಅಂವ ಹಿಡಕೊಂಡಿರೋ ಸಾಮಾನ ತೂಕ ಅದ. ಕಬ್ಬಿಣ ಗಿಬ್ಬಿಣ ಒಯ್ತೀರೇನು?'

ಊರಿಗೆ ಬರುವವರೆಗೂ ಆ ಮಾತು ಕಿವಿಯಲ್ಲಿತ್ತು.

ಶಾಂತಾಬಾಯಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೊರದ ಮೇಲಿನ ಬೆರಳು ನಿಂತಿತು.

'ಆರನೇ ತೂಬಂದ್ರ ಯಲ್ಲಪ್ಪಂದಲ್ಲೇನ್ರಿ?'

'ಯಾವ ಯಲ್ಲಪ್ಪ?'

'ಯಾವ ಯಲ್ಲಪ್ಪ ಅಂತೀರಿ?' ಅವಳು ತಲೆ ಎತ್ತಲಿಲ್ಲ. 'ಊರಾಗಿನವರು ಅಂದಿದ್ದೆಲ್ಲ ಬರದಿಟ್ಟೀರಿ. ಅವನೊಬ್ಬ ನಿಮಗ ನೆನಪಿಲ್ಲ?'

ಎರಡನೇ ಪುಸ್ತಕ ತೆಗೆದೆ. ಇದ್ದ.

ಕಾಲುವೆಗೆ ನೀರು ಬಿಟ್ಟ ಮೊದಲ ವರ್ಷಗಳು ಅವು. ಆಗ ಪ್ರತಿ ತೂಬಿಗೂ ಬೇರೆ ಹ್ಯಾಂಡಲ್ ಇರಲಿಲ್ಲ. ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್ ನಾಲ್ಕು ತೂಬುಗಳಿಗೆ ಒಂದೇ. ಅದನ್ನು ಹೊತ್ತು ಗೇಟು ತೆರೆದು ಮುಚ್ಚುವ ಕೆಲಸಗಾರನಿಗೆ ಸೌಡಿ ಎನ್ನುತ್ತಿದ್ದೆವು. ಒಂದು ತೂಬಿನಿಂದ ಇನ್ನೊಂದಕ್ಕೆ ಅವನು ಇಂಜಿನಿಯರ ಮೋಟಾರ್‌ಸೈಕಲ್ಲಿನ ಹಿಂದೆ, ಹ್ಯಾಂಡಲನ್ನು ಟವೆಲಿನಿಂದ ಬೆನ್ನಿಗೆ ಕಟ್ಟಿಕೊಂಡು ಕೂರಬೇಕು. ಯಾವ ಆದೇಶದಲ್ಲೂ ಇದು ಇರಲಿಲ್ಲ. ಆದರೂ ಎಲ್ಲರೂ ಪಾಲಿಸುತ್ತಿದ್ದರು. ಸಾಹೇಬರ ಹಿಂದಿನ ಸೀಟು ಸೌಡಿಯದು. ಕೇಳುವುದಿಲ್ಲ, ಕರೆಯುವುದಿಲ್ಲ. ಗಾಡಿ ನಿಧಾನವಾದರೆ ಕಾಲು ಹಾಕಿ ಕೂರುತ್ತಾನೆ.

ಯಲ್ಲಪ್ಪ ಆರರಿಂದ ಒಂಬತ್ತರವರೆಗಿನ ಸೌಡಿ. ಬಡಕಲು ದೇಹ. ಓದು ಬರಹ ಬಾರದು, ಆದರೆ ನೀರಿನ ಮಟ್ಟವನ್ನು ಕಣ್ಣಿನಿಂದಲೇ ಹೇಳುತ್ತಿದ್ದ.

ಎರಡನೇ ಪುಸ್ತಕದಲ್ಲಿ ನನ್ನ ಅಕ್ಷರ ಹೀಗಿದೆ: 'ಆರನೇ ತೂಬು. ಸೌಡಿ ಯಲ್ಲಪ್ಪ ರೈತರ ಎದುರಿಗೆ ನನ್ನ ಅಳತೆ ತಪ್ಪೆಂದನು. ಕುಳಿತಲ್ಲಿಂದ ಏಳಲಿಲ್ಲ.'

ಅವನು ಅಂದದ್ದು ಇಷ್ಟು: 'ಸಾಹೇಬ್ರ, ನೀವು ಬರದದ್ದು ಜಾಸ್ತಿ ಆತ್ರಿ. ನೀರು ಅಷ್ಟು ಇಲ್ಲ.' ರೈತರು ನಕ್ಕರು. ಒಬ್ಬ ರೈತ, 'ಸಾಹೇಬ್ರು ಪೇಪರಿನ್ಯಾಗ ನೀರು ಹಾಯಸ್ತಾರಪಾ' ಎಂದ. ನಾನು ಪೆನ್ನು ಮುಚ್ಚಿದೆ. ಗಾಡಿ ಏರಿದೆ. ಯಲ್ಲಪ್ಪ ಹ್ಯಾಂಡಲ್ ಬೆನ್ನಿಗೆ ಕಟ್ಟಿಕೊಂಡು ಬಂದು, ವಾಡಿಕೆಯಂತೆ ಕಾಲು ಎತ್ತಿದ. ಕಾಲು ಇಳಿಸುವ ಮೊದಲೇ ಗಾಡಿ ಬಿಟ್ಟೆ.

ಕನ್ನಡಿಯಲ್ಲಿ ನೋಡಿದೆ. ಒಂದು ಕಾಲಿನ ಮೇಲೆ ನಿಂತಿದ್ದ.

ಅಳತೆ ತಪ್ಪಿತ್ತೆ? ತಪ್ಪಿತ್ತು. ಸಂಜೆ ಅಳೆದು ನೋಡಿದೆ. ಅದು ಪುಸ್ತಕದಲ್ಲಿ ಇಲ್ಲ.

ಒಂಬತ್ತನೇ ತೂಬಿನ ಗೇಟನ್ನು ಆ ಮಧ್ಯಾಹ್ನವೇ ಮುಚ್ಚಬೇಕಿತ್ತು. ಯಲ್ಲಪ್ಪ ನಾಲ್ಕು ಕಿಲೋಮೀಟರ್ ನಡೆದು ಹೊರಟ. ಬಿಸಿಲು ಬಹಳ. ಎಂಟನೆಯದರ ಬಳಿ ನೀರು ಕುಡಿಯಲು ಮೆಟ್ಟಿಲಿಳಿದಿರಬೇಕು. ಪಾಚಿ. ಬೆನ್ನಿಗೆ ಗಂಟು ಹಾಕಿದ ಕಬ್ಬಿಣ. ತುಂಬಿದ ಕಾಲುವೆಯಲ್ಲಿ ಅಷ್ಟು ಭಾರ ಹೊತ್ತವನು ಮೇಲೆ ಬರುತ್ತಾನೆಯೆ? ಮರುದಿನ ಸಿಕ್ಕಾಗಲೂ ಹ್ಯಾಂಡಲ್ ಬೆನ್ನಿಗೇ ಇತ್ತು, ಗಂಟು ಬಿಚ್ಚಿರಲಿಲ್ಲ.

ವರದಿ ಬರೆಯಬೇಕಾದವನು ನಾನೇ. 'ಸದರಿ ಸೌಡಿಯು ಅನುಮತಿಯಿಲ್ಲದೆ ಕರ್ತವ್ಯದ ಸ್ಥಳವನ್ನು ತೊರೆದು ಕಾಲುವೆಗೆ ಇಳಿದಿದ್ದನು' ಎಂದು ಬರೆದೆ. ನೀರು ಕುಡಿಯಲು ನಾನು ಅನುಮತಿ ಕೊಟ್ಟಿರಲಿಲ್ಲ, ಅದು ನಿಜ. ಅವನು ಏಕೆ ನಡೆಯುತ್ತಿದ್ದ ಎಂದು ಬರೆಯಲಿಲ್ಲ. ಆ ಒಂದು ವಾಕ್ಯದಿಂದ ಅವನ ಮನೆಯವರಿಗೆ ಅನುಕಂಪದ ನೌಕರಿ ಸಿಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೆಲಸ ಬಿಟ್ಟು ಓಡಿಹೋಗುವಾಗ ಸತ್ತ ಎಂಬ ಹೆಸರು ಉಳಿಯಿತು. ಆ ವಾಕ್ಯವನ್ನು ತಿದ್ದಬಲ್ಲವನು ಬರೆದವನೊಬ್ಬನೇ. ಇಷ್ಟು ವರ್ಷ ತಿದ್ದಲಿಲ್ಲ.

ಯಲ್ಲಪ್ಪನ ಮಗಳು ಮಲ್ಲಮ್ಮ ಇದ್ದಾಳೆ. ಐವತ್ತು ದಾಟಿದ ಹೆಂಗಸು. ಒಂಬತ್ತನೇ ತೂಬಿನ ಬಳಿ ಮನೆ, ಆರನೆಯದರ ಬಳಿ ಹತ್ತಿ ಹೊಲದಲ್ಲಿ ಕೂಲಿ. ಕಳೆದ ಮಂಗಳವಾರ ಬೆಳಿಗ್ಗೆ ಕೆಲಸ ಮುಗಿಸಿ ಅವಳು ಏರಿಯ ಮೇಲೆ ಬಂದಾಗ ನಾನು ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ ಕಾಯುತ್ತಿದ್ದೆ. ಹೆಸರು ಹೇಳಿದೆ.

'ಗೊತ್ತೈತ್ರಿ. ನಿಮ್ಮನ್ನ ಯಾಕ ಮರೀಲಿ?'

ನಡೆದದ್ದನ್ನು ನಿಂತುಕೊಂಡೇ ಹೇಳಿದೆ, ಇಲ್ಲಿ ಬರೆದ ಕ್ರಮದಲ್ಲಿಯೇ. ಅಳತೆ ತಪ್ಪಿದ್ದನ್ನು ಹೇಳಿದೆ. ಎತ್ತಿದ ಕಾಲಿನ ಮಾತು ಹೇಳಿದೆ. ಗಾಡಿಯ ಪರದೆಯ ವಿಷಯ ಮಾತ್ರ ಹೇಳಲಿಲ್ಲ. ಹುಚ್ಚು ಎಂದುಕೊಂಡಾಳೆಂದು.

ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು.

'ನಮ್ಮವ್ವ ಸಾಯೂತನಾ ಒಂದ ಮಾತು ಕೇಳ್ತಿದ್ದಳ್ರಿ. ಅಂವ ಎಂದೂ ನಡದಾಂವ ಅಲ್ಲ, ಅವತ್ತ ಯಾಕ ನಡದ ಅಂತ. ಈಗ ಗೊತ್ತಾತು.'

'ಏನು ಮಾಡಬೇಕು, ಹೇಳು.'

'ನೌಕರಿ ಕೊಡ್ತೀರೇನು? ನನಗ ಮೊಮ್ಮಕ್ಕಳದಾರ.' ಅವಳು ನಕ್ಕಳು, ಆ ನಗೆಯಲ್ಲಿ ಏನೂ ಇರಲಿಲ್ಲ. 'ಪೇಪರಿಗೆ ಬರೀತೀರಂತಲ್ಲ, ವಾರಾ ವಾರಾ. ಮಂದಿ ನಿಮಗ ಏನಂದ್ರು ಅಂತ. ಇದನ್ನೂ ಬರೀರಿ. ಅಪ್ಪ ಕೆಲಸ ಬಿಟ್ಟು ಹೋಗಿದ್ದಿಲ್ಲ, ಕೆಲಸಕ್ಕ ಹೊಂಟಿದ್ದ ಅಂತ ಬರೀರಿ.'

ಬರೆದಿದ್ದೇನೆ, ಮಲ್ಲಮ್ಮ. ಯಲ್ಲಪ್ಪ ಕೆಲಸಕ್ಕೆ ಹೊರಟಿದ್ದ. ಸೀಟು ಅವನದಾಗಿತ್ತು. ನಾನು ಕೊಡಲಿಲ್ಲ. ಇದೇ ಮಾತನ್ನು ಸಹಿ ಮಾಡಿ ಇಲಾಖೆಗೂ ಕಳಿಸಿದ್ದೇನೆ.

ಬಿಸಿಲು ಏರುತ್ತಿತ್ತು. ಅವಳ ತಲೆಯ ಮೇಲೆ ಹುಲ್ಲಿನ ಹೊರೆ. 'ಕೂತುಕೋ, ಒಂಬತ್ತರವರೆಗೆ ಬಿಡುತ್ತೇನೆ' ಎಂದೆ.

ಮಲ್ಲಮ್ಮ ಗಾಡಿಯನ್ನು ನೋಡಿದಳು. ನನ್ನನ್ನಲ್ಲ, ನನ್ನ ಹಿಂದೆ.

'ಎಲ್ಲಿ ಕುಂದರ್ಲಿ?' ಎಂದಳು. 'ಜಾಗ ಎಲ್ಲೈತ್ರಿ?'

ಇಂಜಿನ್ ಆರಿತ್ತು. ಪರದೆ ಕಪ್ಪಗಿತ್ತು.

ಅವಳು ನಡೆದಳು. ನಾನು ಗಾಡಿ ಚಾಲೂ ಮಾಡಿ ಮೊದಲನೇ ಗೇರಿನಲ್ಲಿ ಅವಳ ಹಿಂದೆಯೇ ಹೋದೆ. ಇಂಜಿನ್ನಿನ ಕಾವು ಎರಡೂ ತೊಡೆಗಳನ್ನು ಸುಟ್ಟಿತು, ಆ ಗಾಡಿಯನ್ನು ನಡಿಗೆಯ ವೇಗಕ್ಕೆ ಯಾರೂ ಮಾಡಿಲ್ಲ. ನಾಲ್ಕು ಕಿಲೋಮೀಟರ್ ಅವಳು ತಿರುಗಿ ನೋಡಲಿಲ್ಲ. ಎಂಟನೆಯದರ ಮೆಟ್ಟಿಲ ಬಳಿ ಮಾತ್ರ ಒಂದು ಗಳಿಗೆ ನಿಂತಳು. ನಾನೂ ನಿಂತೆ. ಎರಡು ಹೆಲ್ಮೆಟ್, ಒಂದು ಚೀಲ.

ಒಂಬತ್ತರಲ್ಲಿ ಅವಳು ಮನೆಯ ಕಡೆಗೆ ಇಳಿದಳು. ಗಾಡಿಯ ಹಿಂಭಾಗ ಮೇಲೇಳುವುದನ್ನು ಕಾದೆ.

ಏಳಲಿಲ್ಲ. ರಂಗಂಪೇಟೆಯ ಮನೆಯ ಮುಂದೆ ನಿಲ್ಲಿಸುವವರೆಗೂ ಏಳಲಿಲ್ಲ. ಶಾಂತಾಬಾಯಿ ಬಾಗಿಲಿಗೆ ಬಂದಳು, ಒಂದು ಕ್ಷಣ ನೋಡಿದಳು, ಒಳಗೆ ಹೋಗಿ ಎರಡು ತಂಬಿಗೆ ನೀರು ತಂದಿಟ್ಟಳು.

ಓದುಗರೇ, ನಿಮ್ಮ ಹಿಂದಿನ ಸೀಟು ಖಾಲಿಯಿದೆ ಎಂದು ನೀವು ಯಾರನ್ನು ಕೇಳಿ ತಿಳಿದುಕೊಂಡಿರಿ?